ಡಾಕ್ಟ್ರು ಬಂದಿಲ್ಲ

ಹೆಸರಿನ ಬಿಲ್ಲೆಯನ್ನು ಮಗುಚಿ ಹಾಕಿಕೊಳ್ಳಬೇಕು. ಹೊಸೂರಿನ ಸಿರಿಜೀವ ಆಸ್ಪತ್ರೆಗೆ ತರಬೇತಿಗೆ ಬಂದವರಿಗೆ ಮೊದಲ ವಾರವೇ ಕಲಿಸುತ್ತಿದ್ದ ಪಾಠ ಇದು. ಬಿಲ್ಲೆಯ ಮೇಲೆ ‘ಭೂಮಿಕಾ, ಫಿಜಿಷಿಯನ್ ಅಸಿಸ್ಟೆಂಟ್ ಟ್ರೈನಿ’ ಎಂದು ಬರೆದಿತ್ತು. ಅದು ಕಣ್ಣಿಗೆ ಬಿದ್ದರೆ ರೋಗಿ ಎದ್ದು ಹೋದಾನು. ಬಿಳಿ ಕೋಟು, ಕೊರಳಿಗೊಂದು ಸ್ಟೆತಾಸ್ಕೋಪು, ಬಿಲ್ಲೆ ಮಗುಚಿ. ಇಷ್ಟಾದರೆ ಬಾಗಲೂರು, ಬೇರಿಕೆ ಕಡೆಯ ಜನ ತಾವಾಗೇ ‘ಡಾಕ್ಟ್ರಮ್ಮ’ ಅಂದುಬಿಡುತ್ತಾರೆ. ಬಾಯಿ ಬಿಟ್ಟು ಸುಳ್ಳು ಹೇಳುವ ತಾಪತ್ರಯವೂ ಇರಲಿಲ್ಲ.

ಭೂಮಿಕಾ ಬೆಳಿಗ್ಗೆ ತಿಂಡಿ ತಿನ್ನದೆ ಬಸ್ಸು ಹತ್ತಿದರೆ ಊಟದ ಹೊತ್ತು ದಾಟಿದರೂ ಕೂರುವಂತಿರಲಿಲ್ಲ. ಕಾಲು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು. ಡಿಗ್ರಿ ಮುಗಿಸಿ, ಅದರ ಮೇಲೆ ಎರಡು ವರ್ಷದ ಈ ಕೋರ್ಸಿಗೆ ಸೇರಿದವಳು. ತಾಯಿ ಮುನಿರತ್ನಮ್ಮ ಬಾಗಲೂರಿನ ಹತ್ತಿರ ರೋಜಾ ಕಂಪನಿಯ ಪ್ಲಾಸ್ಟಿಕ್ ಚಪ್ಪರದ ಪಾಲಿಹೌಸಿನಲ್ಲಿ ಹೂ ಕತ್ತರಿಸುವವಳು. ಅವಳ ಮೊಣಕೈವರೆಗೂ ಮುಳ್ಳಿನ ಗೀರು.

ಮೊದಲ ದಿನ ಕ್ಲಾಸು ತೆಗೆದುಕೊಂಡ ಆದಿಲಕ್ಷ್ಮಮ್ಮ ಮೇಡಂ ನೆಟ್ಟಗೆ ಹೇಳಿದ್ದರು: “ನೀವು ಡಾಕ್ಟರ ಪಕ್ಕದ ಕೈ, ಡಾಕ್ಟರಲ್ಲ. ರೋಗಿ ಮುಂದೆ ಕೂತ ಕೂಡಲೇ ಹೆಸರು ಹೇಳಿ. ನೀವು ಯಾರು ಅಂತ ಹೇಳಿ. ಆಮೇಲೆ ನಾಡಿ ಹಿಡೀರಿ.” ಆ ಮೇಡಂ ಹೆಚ್ಚು ದಿನ ಆ ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಉಳಿಸಿಕೊಳ್ಳುವವರಾದರೂ ಯಾರು?

ಪಕ್ಕದ ಕೈಯೇನೋ ಸರಿ, ಆದರೆ ಪಕ್ಕದಲ್ಲಿ ಡಾಕ್ಟರೇ ಇರುತ್ತಿರಲಿಲ್ಲ. ಆಸ್ಪತ್ರೆಯ ಯಜಮಾನ ಡಾಕ್ಟರ್ ತಿಲಕ್, ಕೃಷ್ಣಗಿರಿ ರಸ್ತೆಯಲ್ಲಿ ಎರಡನೇ ಆಸ್ಪತ್ರೆ ಕಟ್ಟಿಸುತ್ತಿದ್ದ. ಹಗಲೆಲ್ಲ ಅಲ್ಲೇ, ಸಿಮೆಂಟು ಮರಳಿನ ನಾಡಿ ಹಿಡಿದುಕೊಂಡು. ಸಿರಿಜೀವದಲ್ಲಿ ಡಾಕ್ಟರನ್ನು ಕಂಡವರಿಗಿಂತ ಡಾಕ್ಟರ ಫೋಟೋ ಕಂಡವರೇ ಜಾಸ್ತಿ. ರೋಗಿ ಕೇಳಿದರೆ “ಸಾರ್ ನೋಡಿದ್ರು” ಅನ್ನಬೇಕು. ಹೇಗೆ ನೋಡಿದರು? ಫೋನಿನಲ್ಲಿ.

ಮಗಳ ಓದಿನ ಹೆಸರು ಮುನಿರತ್ನಮ್ಮನ ಬಾಯಲ್ಲಿ ಹೊರಳುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುತ್ತ “ನಮ್ಮುಡ್ಗಿ ಡಾಕ್ಟ್ರಾಗವ್ಳೆ ಕಣ್ರೇ, ಏನಾದ್ರೂ ಆದ್ರೆ ಸಿರಿಜೀವಕ್ಕೇ ಹೋಗಿ” ಅಂದುಬಿಟ್ಟಿದ್ದಳು. ಆ ಮಾತು ನಂಬಿಕೊಂಡು ಬಂದವಳು ಪಕ್ಕದ ಮನೆಯ ಚಿಕ್ಕತಾಯಮ್ಮ. ಅವಳೂ ರೋಜಾ ಕಂಪನಿಯವಳೇ. ಫೆಬ್ರವರಿ ಹತ್ತಿರ ಬಂದರೆ ಅಲ್ಲಿ ತಲೆ ಕೆರೆಯಲೂ ಪುರುಸೊತ್ತಿಲ್ಲ. ಯಾರೋ ಯಾರಿಗೋ ಪ್ರೀತಿ ಹೇಳಲು ಹೂ ಬೇಕಲ್ಲ! ಆ ಗಡಿಬಿಡಿಯಲ್ಲಿ ಸವೆದ ಚಪ್ಪಲಿ ತೂರಿಕೊಂಡು ಮುಳ್ಳು ಅಂಗಾಲಿಗೆ ಹೊಕ್ಕಿತ್ತು. ಚಿಕ್ಕತಾಯಮ್ಮನಿಗೆ ಸಕ್ಕರೆ ಕಾಯಿಲೆ. ನೋವು ಗೊತ್ತಾಗುವ ಹೊತ್ತಿಗೆ ಪಾದ ಕೆಂಪಗೆ ಉಬ್ಬಿತ್ತು.

ಭೂಮಿಕಾ ಫೋನು ಮಾಡಿದಳು. “ಸಾರ್, ಪಾದದೊಳಗೆ ಕೀವು ತುಂಬಿದೆ. ಕೂಡಲೇ ಕೊಯ್ದು ತೆಗೀಬೇಕು ಅನ್ಸುತ್ತೆ. ನೀವು ಬಂದು ನೋಡಿ.”

“ಡ್ರೆಸ್ಸಿಂಗ್ ಮಾಡಿ ಮಲಗಿಸು. ಸಂಜೆ ಬರ್ತೀನಿ.”

ಸಂಜೆ ಬರಲಿಲ್ಲ. ಮಾರನೇ ದಿನವೂ ಇಲ್ಲ. ಅಷ್ಟರಲ್ಲಿ ಕಾಲ್ಬೆರಳ ತುದಿ ಕಪ್ಪಗಾಗಿತ್ತು. ಬೇರೆ ಆಸ್ಪತ್ರೆಗೆ ಕಳಿಸೋಣ ಎಂದು ಭೂಮಿಕಾ ಮತ್ತೆ ಫೋನು ಮಾಡಿದರೆ ಅವನು ರೇಗಿದ. “ಬಂದ ಪೇಷೆಂಟನ್ನ ಹೊರಗೆ ಕಳ್ಸೋಕೆ ನಿಂಗ್ಯಾರು ಹೇಳಿದ್ದು? ಕೋರ್ಸ್ ಮುಗಿಸೋ ಆಸೆ ಇದೆಯಾ ಇಲ್ವಾ?”

ಚಿಕ್ಕತಾಯಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು. “ದೊಡ್ಡ್ ಡಾಕ್ಟ್ರು ನೋಡಿದ್ರೇನಮ್ಮಣ್ಣಿ?”

“ನೋಡಿದ್ರು ಅತ್ತೆ.”

ಹೇಳುವಾಗ ಭೂಮಿಕಾಳ ನಾಲಿಗೆ ಒಣಗಿತ್ತು. ಆದರೂ ಹೇಳಿದಳು.

ಕೊನೆಗೆ ಜ್ವರ ಏರಿ ಚಿಕ್ಕತಾಯಮ್ಮ ಬಡಬಡಿಸತೊಡಗಿದ ಮೇಲೆ ಮನೆಯವರೇ ಕೃಷ್ಣಗಿರಿಯ ದೊಡ್ಡಾಸ್ಪತ್ರೆಗೆ ಹೊತ್ತೊಯ್ದರು. ಜೀವ ಉಳಿಯಿತು. ಮೊಣಕಾಲ ಕೆಳಗಿನ ಕಾಲು ಉಳಿಯಲಿಲ್ಲ.

ಮನೆಯವರು ಸಿರಿಜೀವಕ್ಕೆ ಬಂದು ಜಗಳ ತೆಗೆದಾಗ ಡಾಕ್ಟರ್ ತಿಲಕ್ ಎಂದೂ ಇಲ್ಲದ ಹಾಗೆ ತನ್ನ ಕೋಣೆಯಲ್ಲೇ ಇದ್ದ. ಭೂಮಿಕಾಳನ್ನು ಅವರೆದುರೇ ನಿಲ್ಲಿಸಿ ಅಂದ: “ಇವಳು ನಿಮ್ಮೂರವಳೇ ಅಲ್ವಾ? ನನಗೆ ಒಂದು ಮಾತು ತಿಳಿಸದೆ ತಾನೇ ಡಾಕ್ಟರ್ ಥರ ಟ್ರೀಟ್ ಮಾಡಿದಾಳೆ. ಚಿಕ್ಕ ಹುಡುಗಿ, ಕ್ಷಮಿಸಿಬಿಡಿ. ನಾನು ಇವಳ ತರಬೇತಿ ನಿಲ್ಲಿಸ್ತಿಲ್ಲ, ಪಾಪ, ಬಡವರ ಮಗು.”

ಅವಳ ಕುತ್ತಿಗೆ ಕೊಯ್ದಿದ್ದೂ ಅಲ್ಲದೆ ಮೇಲೆ ದಯೆಯ ಹೂ ಇಟ್ಟ. ಅವಳು ಬಾಯಿ ತೆರೆಯುವುದರೊಳಗೆ ಚಿಕ್ಕತಾಯಮ್ಮನ ಮಗ ನಂದೀಶ್ ಅವಳ ಕಾಲ ಬಳಿ ಉಗಿದು ಹೊರಟುಹೋದ.

ಅಂದಿನಿಂದ ಭೂಮಿಕಾಳ ಎದೆಯಲ್ಲಿ ದುಃಖ ಇರಲಿಲ್ಲ. ಇದ್ದದ್ದು ಸೇಡು. ಅವನನ್ನು ಜನರೆದುರು ಕೂರಿಸಬೇಕು, ಅವನ ಬಾಯಿ ಒಣಗಬೇಕು, ತನ್ನದು ಒಣಗಿದ ಹಾಗೆ. ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಉಣ್ಣುವಾಗ ಅದೇ ಯೋಚನೆ. ರೋಜಾ ಕಂಪನಿಯಲ್ಲಿ ಮುನಿರತ್ನಮ್ಮನ ಪಕ್ಕ ಯಾರೂ ಡಬ್ಬಿ ಬಿಚ್ಚುತ್ತಿರಲಿಲ್ಲ.

ಚಿಕ್ಕತಾಯಮ್ಮ ಮನೆಗೆ ಬಂದ ಮೇಲೆ ಒಂದು ಭಾನುವಾರ ಭೂಮಿಕಾ ಅವಳ ಮುಂದೆ ಹೋಗಿ ಕೂತಳು. ಎಲ್ಲವನ್ನೂ ಹೇಳಿದಳು. ಮಗುಚಿದ ಬಿಲ್ಲೆ, ಫೋನು, ಅವನು ರೇಗಿದ್ದು, ಎಲ್ಲ.

“ಅವ್ನು ನಿನ್ನ ಕಾಲು ನೋಡೇ ಇಲ್ಲ ಅತ್ತೆ. ನೋಡಿದ್ರು ಅಂತ ನಾನೇ ಸುಳ್ಳು ಹೇಳ್ದೆ.”

ಚಿಕ್ಕತಾಯಮ್ಮ ಕೈಗೆ ಸಿಕ್ಕ ಲೋಟ ಎತ್ತಿ ಎಸೆದಳು. ಅದು ಗೋಡೆಗೆ ಬಡಿದು ಉರುಳಿತು. “ಅವ್ನ ಮಾತು ಯಾವಳು ನಂಬಿದ್ದಳೇ? ನಿನ್ ಮಾತು ನಂಬ್ದೆ ಕಣೇ! ನಮ್ ರತ್ನಿ ಮಗಳು ಅಂತ ನಂಬ್ದೆ!”

ಭೂಮಿಕಾ ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಬೈಗುಳವೆಲ್ಲ ಮುಗಿದ ಮೇಲೆ ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ಈಗ ಏನ್ ಮಾಡ್ಬೇಕು ಅಂತಿದ್ದೀಯ?”

“ಇನ್ಮೇಲೆ ಸುಳ್ಳು ಹೇಳಲ್ಲ ಅತ್ತೆ. ಅಷ್ಟೇ. ಆ ಆಸ್ಪತ್ರೆ ನಿಂತಿರೋದೇ ಆ ಒಂದು ಸುಳ್ಳಿನ ಮೇಲೆ.”

“ಹಂಗಾರೆ ನನ್ನೂ ಕರ್ಕೊಂಡು ಹೋಗು.”

ಅವಳ ಜೊತೆ ಕಲಿಯುತ್ತಿದ್ದ ಚಂದ್ರಲೇಖಾ, ಮುನೀಶ್ ಮೊದಲು ಹೆದರಿದರು. “ಸರ್ಟಿಫಿಕೇಟ್ ಕೊಡದೆ ಹೋದ್ರೆ?” ಅಂದಳು ಚಂದ್ರಲೇಖಾ.

“ನಾಳೆ ನಿಂಗೂ ಒಬ್ಳು ಚಿಕ್ಕತಾಯಮ್ಮ ಬತ್ತಾಳೆ. ಅವಾಗ ಎಲ್ಲರ ಮುಂದೆ ನಿಲ್ಸೋದು ನಿನ್ನನ್ನೇ,” ಅಂದಳು ಭೂಮಿಕಾ. ಚಂದ್ರಲೇಖಾ ತನ್ನ ಬಿಲ್ಲೆ ಬಿಚ್ಚಿ ನೆಟ್ಟಗೆ ಹಾಕಿಕೊಂಡಳು.

ಸೋಮವಾರ ಹೊರರೋಗಿಗಳ ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಭೂಮಿಕಾಳ ಮುಂದೆ ಮೊದಲು ಬಂದವನು ಕೆಮ್ಮುತ್ತಿದ್ದ ಒಬ್ಬ ಮುದುಕ.

“ನಮಸ್ಕಾರ ತಾತ. ನಾನು ಭೂಮಿಕಾ. ಡಾಕ್ಟ್ರಲ್ಲ, ಡಾಕ್ಟ್ರ ಸಹಾಯಕ್ಕೆ ಅಂತ ಕಲೀತಿರೋಳು. ಡಾಕ್ಟ್ರು ಬಂದಿಲ್ಲ.”

“ಡಾಕ್ಟ್ರಲ್ವಾ? ಮತ್ತೆ ಹೋದ್ಸಲ ನೀನೇ ಅಲ್ವಾ ನೋಡಿದ್ದು?”

“ನಾನೇ. ಅವತ್ತೂ ಡಾಕ್ಟ್ರು ಬಂದಿರಲಿಲ್ಲ.”

ಪಕ್ಕದ ಮೇಜಿನಲ್ಲಿ ಚಂದ್ರಲೇಖಾ ಅದನ್ನೇ ತಮಿಳಿನಲ್ಲಿ “ಡಾಕ್ಟರ್ ಇನ್ನುಂ ವರಲ” ಅಂದಳು. ಆಚೆ ಮುನೀಶ್ ತೆಲುಗಿನಲ್ಲಿ “ಡಾಕ್ಟರ್ ಇಂಕಾ ರಾಲೇದು” ಅಂದ. ಹೊಸೂರಿನಲ್ಲಿ ಒಂದು ಭಾಷೆಯಲ್ಲಿ ಹೇಳಿದ್ದು ಮೂರು ಭಾಷೆಯಲ್ಲಿ ಹಬ್ಬುತ್ತದೆ. ಮಾತು ಬೆಂಚಿನಿಂದ ಬೆಂಚಿಗೆ, ಮೆಟ್ಟಿಲಿನಿಂದ ರಸ್ತೆಗೆ ಹೋಯಿತು.

“ಹಂಗಾರೆ ಇಷ್ಟು ದಿನ ನಮ್ಮನ್ನ ನೋಡಿದ್ದು ಯಾರು?” ಎಂದು ಒಬ್ಬಳು ಎದ್ದು ನಿಂತು ಕೇಳಿದಳು. ಉಸಿರಾಡಲು ಕಷ್ಟಪಡುತ್ತಿದ್ದ ಒಬ್ಬನನ್ನು ಮುನೀಶ್ ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದ. ಉಳಿದವರು ಯಾರೂ ಎದ್ದು ಹೋಗಲಿಲ್ಲ. “ಬರ್ಲಿ ಅವ್ನು. ನಾವಿಲ್ಲೇ ಇರ್ತೀವಿ” ಎಂದು ಮುದುಕ ಕಾಲು ಚಾಚಿ ಕೂತ.

ಸುದ್ದಿ ಮುಟ್ಟಿ ಡಾಕ್ಟರ್ ತಿಲಕ್ ಸಿಮೆಂಟು ಮೆತ್ತಿದ ಬೂಟಿನಲ್ಲೇ ಓಡಿಬಂದ. ಭೂಮಿಕಾಳ ಹತ್ತಿರ ಹಲ್ಲು ಕಚ್ಚಿಕೊಂಡು ಅಂದ: “ನಿನ್ನ ಕೋರ್ಸು ಇವತ್ತಿಗೆ ಮುಗೀತು. ತಿಳ್ಕೋ.”

“ಗಟ್ಟಿಯಾಗಿ ಹೇಳಿ ಸಾರ್, ಎಲ್ರಿಗೂ ಕೇಳ್ಲಿ.”

ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಕೆಲವರು ಮೊಬೈಲು ಹಿಡಿದುಕೊಂಡು. ತಪ್ಪಿಸಿಕೊಳ್ಳಲು ತನ್ನ ಕೋಣೆಗೆ ನುಗ್ಗಿದ. ಅಲ್ಲಿ ರೋಗಿಯ ಕುರ್ಚಿಯಲ್ಲಿ ಚಿಕ್ಕತಾಯಮ್ಮ ಕೂತಿದ್ದಳು. ಹಿಂದೆ ನಂದೀಶ್ ನಿಂತಿದ್ದ. ಅವಳು ಸೀರೆ ಸರಿಸಿ, ಮೊಂಡುಗಾಲನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಗಾಜಿನ ಮೇಜಿನ ಮೇಲಿಟ್ಟಳು. ಗಾಯ ಇನ್ನೂ ಮಾಗಿರಲಿಲ್ಲ. ಬ್ಯಾಂಡೇಜಿನ ತುದಿ ಒದ್ದೆಯಾಗಿತ್ತು.

“ಬಿಚ್ಚು ಡಾಕ್ಟ್ರೇ. ಅವತ್ತು ನೋಡಿದ್ರು ಅಂದ್ರಲ್ಲ, ಇವತ್ತು ನನ್ ಕಣ್ಮುಂದೆ ನೋಡು.”

ತಿಲಕ್‌ ಅಭ್ಯಾಸಬಲದಿಂದ ಕೈ ಬಾಗಿಲ ಕಡೆ ಬೀಸಿದ. “ಭೂಮಿಕಾ, ಈ ಡ್ರೆಸ್ಸಿಂಗ್ ನೋಡು.”

ಭೂಮಿಕಾ ಕತ್ತರಿ, ಹತ್ತಿ, ಔಷಧಿಯ ತಟ್ಟೆ ತಂದು ಮೇಜಿನ ಮೇಲಿಟ್ಟಳು. ಅವನ ಎಡಕ್ಕೆ ಒಂದು ಹೆಜ್ಜೆ ಹಿಂದೆ ನಿಂತಳು.

“ನೀವು ಮಾಡಿ ಸಾರ್. ನಾನು ಪಕ್ಕದ ಕೈ.”

ಅವನ ಕೈಯಿಂದ ಕತ್ತರಿ ಜಾರಿ ಗಾಜಿನ ಮೇಲೆ ಬಿತ್ತು. ಚಿಕ್ಕತಾಯಮ್ಮ ಕದಲಲಿಲ್ಲ. “ಎತ್ಕೋ,” ಅಂದಳು. “ನಿಧಾನಕ್ಕೇ ಮಾಡು. ನಂಗೇನೂ ಅವಸರ ಇಲ್ಲ. ನಾಳೇನೂ ಬತ್ತೀನಿ. ಇದು ಮಾಗೋವರ್ಗೂ ದಿನಾ ಬತ್ತೀನಿ. ನೀನೇ ಬಿಚ್ಬೇಕು, ನೀನೇ ಕಟ್ಬೇಕು.”

ಅವನು ಕತ್ತರಿ ಎತ್ತಿಕೊಂಡ. ಬಾಯಿ ಒಣಗಿ ತುಟಿ ನೆಕ್ಕಿಕೊಳ್ಳುತ್ತಿದ್ದ. ಭೂಮಿಕಾ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಹೊರಗಿನವರಿಗೆ ಕೂಗಿ ಹೇಳಿದಳು:

“ಡಾಕ್ಟ್ರು ಬಂದವ್ರೆ! ಯಾರೂ ಹೋಗ್ಬೇಡಿ. ಹೋದ ಸಲ ನೋಡಿಸ್ಕೊಂಡೋರೂ ಬನ್ನಿ, ಒಬ್ಬೊಬ್ರಾಗಿ!”