ಮಾತಿಗೆ ಸಿಗದ ದನಿ

ದನುತಾಳ ದನಿ ಮೊದಲ ಸಲ ಕೈಕೊಟ್ಟದ್ದು ಏಳನೇ ತರಗತಿಗೆ ಇತಿಹಾಸದ ಪಾಠ ಮಾಡುತ್ತಿದ್ದಾಗ. ಯಾವುದೋ ರಾಜನ ಹೆಸರು ಹೇಳಲು ಬಾಯಿ ತೆರೆದಳು. ಮೊದಲ ಅಕ್ಷರ ಹೊರಬಂತು. ಉಳಿದದ್ದು, ಒಳಗಿನಿಂದ ಯಾರೋ ಗಂಟಲು ಹಿಸುಕಿದ ಹಾಗೆ ಅಲ್ಲೇ ಸಿಕ್ಕಿಕೊಂಡಿತು. ಮಕ್ಕಳು ನಕ್ಕರು. ಅವಳೂ ನಕ್ಕಳು. ನಗು ಮಾತ್ರ ಯಾವ ತಡೆಯೂ ಇಲ್ಲದೆ ಬಂತು.

ನೆಗಡಿ ಇರಬೇಕೆಂದುಕೊಂಡಳು. ಅತ್ತೆ ಅಗಸೆ ಬೀಜ ಕುದಿಸಿದ ಲೋಳೆ ನೀರು ಕುಡಿಸಿದರು, ಕತ್ತಿಗೆ ಬಾತುಕೋಳಿಯ ಕೊಬ್ಬು ಸವರಿ ಉಣ್ಣೆ ಶಾಲು ಸುತ್ತಿದರು. ಹಿಮ ಕರಗಿ ಹೊಲಗಳಲ್ಲಿ ಬೀಟ್‌ರೂಟ್ ಬಿತ್ತನೆ ಶುರುವಾದರೂ ದನಿ ಸರಿಹೋಗಲಿಲ್ಲ. ಊರಿನ ಗಂಟಲು ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು.

"ಒಳಗೆ ಏನೂ ಇಲ್ಲ ಮೇಡಂ. ಗಂಟಿಲ್ಲ, ಕೆಂಪಗಾಗಿಲ್ಲ. ಮನೇಲಿ ಎಲ್ಲಾ ನೆಮ್ಮದಿಯಾಗಿದೀರಾ?" ಎಂದು ಕೇಳಿದರು.

ಆ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ. ಆದರೂ ಅವರು ಬರೆದುಕೊಟ್ಟ ಚೀಟಿಯಿಂದ ಒಂದು ವರ್ಷದ ಆರೋಗ್ಯ ರಜೆ ಸಿಕ್ಕಿತು, ಸಂಬಳ ಸಹಿತ. ಅವಳ ತರಗತಿಗಳನ್ನು ಉಳಿದ ಶಿಕ್ಷಕರು ಹಂಚಿಕೊಂಡರು, ಗೊಣಗುತ್ತಲೇ.

ಗಂಡ ಜೆನೊನ್ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಹೆಂಡತಿಯ ತೊಂದರೆ ಕಂಡು ಅವನೂ ಮರುಗಿದ್ದ. ಆದರೆ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದವನು ಹಿತ್ತಲಲ್ಲಿ ಅವಳ ದನಿ ಕೇಳಿ ನಿಂತುಬಿಟ್ಟ. ನಾಯಿಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನನ್ನ ಚಿನ್ನ, ನನ್ನ ಪುಟ್ಟ ಕಳ್ಳ, ಚಪ್ಪಲಿ ಎಲ್ಲಿಟ್ಟೆ ಹೇಳು?" ಎಂದು ರಾಗ ಎಳೆದು ಮುದ್ದು ಮಾಡುತ್ತಿದ್ದಳು. ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ.

"ನಾಯಿ ಜೊತೆ ಚೆನ್ನಾಗೇ ಮಾತಾಡ್ತೀಯಲ್ಲ," ಎಂದ.

ಅವಳು ಬೆಚ್ಚಿ ತಿರುಗಿದಳು. "ಅದು... ಅದು ಹ್ಯಾ... ಹ್ಯಾಗೋ..."

"ನೋಡು, ನನ್ನ ಮುಖ ಕಂಡ ಕೂಡಲೇ ಶುರುವಾಯ್ತು. ನನ್ನ ಮೇಲೇನಾದ್ರೂ ಸಿಟ್ಟಿದ್ರೆ ನೇರ ಹೇಳ್ಬಿಡು ದನುತಾ. ಈ ನಾಟಕ ಯಾಕೆ?"

ಅವಳಿಗೆ ಉತ್ತರ ಕೊಡಬೇಕೆನಿಸಿತು. ಕೊಡಲು ಆಗುವ ಹಾಗಿದ್ದರೆ ತಾನೇ! ಅವನು ಬಾಗಿಲು ದಬ್ಬಿಕೊಂಡು ಒಳಗೆ ಹೋದ. ಅಂದಿನಿಂದ ಅವಳು ಸ್ನಾನದ ಮನೆಯಲ್ಲಿದ್ದರೂ ಸರಿ, ಅವಳ ದನಿ ಕದ್ದು ಕೇಳಲು ಅವನ ಹೆಜ್ಜೆ ಬಾಗಿಲ ಹೊರಗೆ ಬಂದು ನಿಂತ ಹಾಗೆ ಕೇಳಿಸುತ್ತಿತ್ತು.

ಚರ್ಚಿನ ಗಾಯನ ತಂಡದಲ್ಲಿ ಅವಳು ಹುಡುಗಿಯಾಗಿದ್ದಾಗಿನಿಂದ ಹಾಡಿದವಳು. ಜೂನ್ ತಿಂಗಳ ಹಬ್ಬದ ಮೆರವಣಿಗೆಯಲ್ಲಿ, ಸುಮ್ಮನೆ ತುಟಿ ಆಡಿಸಿದರಾಯಿತೆಂದು ಹೋಗಿ ನಿಂತಳು. ಮೊದಲ ಸಾಲಿಗೇ ದನಿ ತಾನಾಗಿ ಎದ್ದಿತು. ಬೀದಿಯ ತುಂಬ ಪಿಯೋನಿ ಹೂವಿನ ಎಸಳು ಚೆಲ್ಲಿತ್ತು. ಅವಳು ಕಣ್ಣೀರು ಸುರಿಸುತ್ತ ಹಾಡಿದಳು. ತಿಂಗಳುಗಟ್ಟಲೆ ಕಳೆದುಹೋಗಿದ್ದ ತನ್ನದೇ ದನಿ ಅದು.

ಮೆರವಣಿಗೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಹೊನೊರಾತಾ ಕೂಡ ಇದ್ದರು, ಶಿಕ್ಷಕರೆಲ್ಲ ಇದ್ದರು. ಅವರಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿ, ರಜೆಗಾಗಿ ಆಡಿದ ನಾಟಕವೆಂದು ದೂರು ಬರೆದು ಶಿಕ್ಷಣ ಕಚೇರಿಗೆ ಕಳಿಸಿದರು. ಎರಡನೇ ವಾರಕ್ಕೆ ಹೊನೊರಾತಾ ಫೋನ್ ಮಾಡಿದರು.

"ಲುಬ್ಲಿನ್‌ಗೆ ಹೋಗಿ ದೊಡ್ಡಾಸ್ಪತ್ರೇಲಿ ಇನ್ನೊಂದ್ಸಲ ತೋರಿಸ್ಕೊಂಡು ಬರ್ಬೇಕಂತೆ ದನುತಾ, ಕಚೇರಿಯವರು ಹೇಳಿದಾರೆ. ನಾನು ಏನೂ ಹೇಳಲ್ಲಪ್ಪ. ಆದ್ರೆ ನಿಮ್ಮ ದನಿ ಮಾತ್ರ ದೇವದೂತರ ದನಿ ಹಾಗಿತ್ತು!"

ಲುಬ್ಲಿನ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ಯೊವಿತಾ ದನಿಯ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಶಿಕ್ಷಕಿಯರೇ ಅವರ ಹತ್ತಿರ ಹೆಚ್ಚು ಬರುತ್ತಿದ್ದದ್ದು. ನಡುವೆ ರಜೆಗಾಗಿ ಗಂಟಲು ಹಿಡಿದುಕೊಂಡವರೂ ಇದ್ದರು. ಕಚೇರಿಯಿಂದ ಬಂದ ವಿಡಿಯೊ ನೋಡಿದ ಮೇಲೆ ದನುತಾಳನ್ನೂ ಅವರು ಆ ಸಾಲಿಗೆ ಸೇರಿಸಿಯಾಗಿತ್ತು. ಕೂರಿಸಿ, ಒಂದು ವಾಕ್ಯ ಓದಿಸಿದರು. ದನುತಾ ತಡವರಿಸಿ, ಬಿಕ್ಕಿ, ಬೆವರಿ ಓದಿದಳು.

"ಇದನ್ನೇ ಈಗ ಹಾಡಿ," ಎಂದರು ಡಾಕ್ಟರು.

ಬಲೆ ಎಲ್ಲಿದೆಯೆಂದು ದನುತಾಳಿಗೆ ಗೊತ್ತಾಯಿತು. ಆದರೂ ಹಾಡಿದಳು, ಸ್ವಚ್ಛವಾಗಿ, ಕೊನೆಯವರೆಗೂ.

ಡಾಕ್ಟರು ಪೆನ್ನು ಎತ್ತಿಕೊಂಡರು. ಬರೆಯಲಿಲ್ಲ. ನಾಟಕ ಆಡುವವಳಾಗಿದ್ದರೆ ಹಾಡಲು ಬರುವುದಿಲ್ಲವೆಂದೇ ಹೇಳುತ್ತಿದ್ದಳಲ್ಲ ಎಂಬ ಯೋಚನೆ ಅವರಿಗೆ ಆಗ ಬಂತು.

"ಮನೇಲಿ ಯಾರ ಹತ್ರ ಆದ್ರೂ ಸಲೀಸಾಗಿ ಮಾತಾಡ್ತೀರಾ?"

"ನಾ... ನಾಯಿ ಹತ್ರ," ಎಂದಳು ದನುತಾ, ಮುಖ ಕೆಂಪಗಾಗಿ.

ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು. ತೆಳ್ಳಗಿನ ಕ್ಯಾಮೆರಾ ನಳಿಗೆಯನ್ನು ಮೂಗಿನಿಂದ ಗಂಟಲಿಗೆ ಇಳಿಸಿ, ಮಾತಾಡಿಸಿದರು, ಹಾಡಿಸಿದರು. ಆಮೇಲೆ ಹೊರಗೆ ಕೂತಿದ್ದ ಜೆನೊನ್‌ನನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದರು. ದನಿ ಹೊರಡಿಸುವ ಎರಡು ಬಿಳಿಯ ಪಟ್ಟಿಗಳು ಹಾಡುವಾಗ ನವಿರಾಗಿ ಕಂಪಿಸುತ್ತಿದ್ದವು. ಮಾತು ಶುರುವಾದ ಕೂಡಲೇ ರಪ್ಪನೆ ಒಂದಕ್ಕೊಂದು ಬಡಿದು ಬಿಗಿದುಕೊಳ್ಳುತ್ತಿದ್ದವು.

"ಇದನ್ನ ಬೇಕಂತ ಮಾಡೋಕಾಗುತ್ತಾ?" ಎಂದು ಕೇಳಿದ ಜೆನೊನ್.

"ಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಹೀಗೆ ನಟಿಸೋಕೆ ಯಾರಿಗೂ ಬರಲ್ಲ. ಗಂಟಲು ಸರಿಯಾಗೇ ಇದೆ, ಮೆದುಳು ಕೊಡೋ ಅಪ್ಪಣೆ ತಪ್ಪಾಗಿದೆ. ಮಾತಿಗೆ ಮಾತ್ರ ತಪ್ಪತ್ತೆ. ಹಾಡಿಗೆ, ನಗುವಿಗೆ, ಮುದ್ದು ಮಾಡೋಕೆ ತಪ್ಪಲ್ಲ."

ಜೆನೊನ್ ಪರದೆಯಿಂದ ಕಣ್ಣು ಕೀಳಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲವೆಂದರು ಡಾಕ್ಟರು. ಕತ್ತಿನ ಮುಂಭಾಗದಿಂದ ಆ ಪಟ್ಟಿಗಳ ಸ್ನಾಯುವಿಗೆ ಒಂದು ವಿಷವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಿದರೆ ಬಿಗಿತ ಸಡಿಲವಾಗುತ್ತದೆ, ಕೆಲವು ತಿಂಗಳು ಮಾತು ಬರುತ್ತದೆ. ಯಾವ ವಿಷವೆಂದು ಕೇಳಿದಾಗ ಅವರು ಮರೆಮಾಚಲಿಲ್ಲ: ಜಾಡಿಯಲ್ಲಿ ಮುಚ್ಚಿ ಕೂಡಿಟ್ಟ ಮಾಂಸ ಕೆಟ್ಟಾಗ ಹುಟ್ಟುವ ವಿಷ.

ಮನೆಗೆ ಬಂದು ಹೇಳಿದಾಗ ಅತ್ತೆ ಸೌಟನ್ನು ಒಲೆಯ ಮೇಲೆ ಕುಕ್ಕಿದರು. "ಜಾಡಿ ಮುಚ್ಚಳ ಉಬ್ಬಿದ್ರೆ ನಾನು ಹಂದಿಗೂ ಹಾಕಲ್ಲ, ಮಣ್ಣಲ್ಲಿ ಹೂಳ್ತೀನಿ. ಅದನ್ನ ನಿನ್ನ ಗಂಟಲಿಗೆ ಚುಚ್ತಾರಾ? ಸಂಶೋಧನೆ ಅಂತೆ! ಇಲಿ ಸಿಗಲಿಲ್ವಂತಾ ಅವರಿಗೆ?"

ಸಂಶೋಧನೆಯ ಮಾತು ದನುತಾಳನ್ನೂ ಕೊರೆಯುತ್ತಿತ್ತು. ಚುಚ್ಚುವ ಮೊದಲು ಮತ್ತು ಆಮೇಲೆ ದನಿಯನ್ನು ರೆಕಾರ್ಡ್ ಮಾಡಿಕೊಳ್ಳಲು ಡಾಕ್ಟರು ಒಪ್ಪಿಗೆ ಕೇಳಿದ್ದರು. ಅವಳು ಕೊಟ್ಟಿರಲಿಲ್ಲ. "ಯಾ... ಯಾರು ಕೇಳ್ತಾರೆ ಅದನ್ನ?" ಎಂದು ಕೇಳಿದ್ದಳು. "ನಾನು, ನನ್ನ ಜೊತೆಯ ಡಾಕ್ಟರುಗಳು," ಎಂದಿದ್ದರು ಅವರು. "ಬೇಡ," ಎಂದಿದ್ದಳು. ಡಾಕ್ಟರು ಒತ್ತಾಯ ಮಾಡಲಿಲ್ಲ. ರೆಕಾರ್ಡ್ ಇಲ್ಲದೆಯೂ ಚಿಕಿತ್ಸೆ ಕೊಡುತ್ತೇನೆಂದರು. ಆ ಮಾತಿನಿಂದಲೇ ಅವಳು ಸೂಜಿಗೆ ಒಪ್ಪಿದ್ದು.

ಸೂಜಿ ಚುಚ್ಚಿದ ಮೊದಲ ದಿನಗಳಲ್ಲಿ ಇದ್ದ ದನಿಯೂ ಹೋಯಿತು. ಬರೀ ಉಸಿರು. ಚಹಾ ಕುಡಿದರೆ ನೆತ್ತಿಗೇರಿ ಕೆಮ್ಮು. ಹಾಡೂ ಬರಲಿಲ್ಲ. ಅವಳು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಜೆನೊನ್ ಲುಬ್ಲಿನ್‌ಗೆ ಫೋನ್ ಮಾಡಿ ಕಿರುಚಾಡಿದ.

"ಏನ್ ಮಾಡಿದ್ರಿ ನೀವು? ಹಾಡ್ತಾ ಆದ್ರೂ ಇದ್ದಳು, ಅದನ್ನೂ ಕಿತ್ಕೊಂಡ್ರಲ್ಲ!"

"ಹೀಗಾಗತ್ತೆ ಅಂತ ಮೊದಲೇ ಹೇಳಿದ್ದೆ. ಗುಟುಕು ಗುಟುಕಾಗಿ ಕುಡಿಸಿ. ಉಸಿರಾಡೋಕೆ ಕಷ್ಟ ಆದ್ರೆ ತಕ್ಷಣ ಕರ್ಕೊಂಡು ಬನ್ನಿ. ಇಲ್ಲದಿದ್ರೆ ಸ್ವಲ್ಪ ಕಾಯಿರಿ," ಎಂದರು ಡಾಕ್ಟರು.

ಅವನು ನಂಬಲಿಲ್ಲ. ಆದರೂ ಪ್ರತಿದಿನ ಚಮಚದಿಂದ ಸಾರು ಕುಡಿಸಿದ.

ಒಂದು ಭಾನುವಾರ ಊಟಕ್ಕೆ ಕೂತಾಗ ದನುತಾ, "ಆ ಉಪ್ಪು ಸ್ವಲ್ಪ ಈ ಕಡೆ ಕೊಡು," ಎಂದಳು. ಮಾತು ಮುಗಿದ ಮೇಲೆ ತಾನೇ ಬೆರಗಾದಳು. ಜೆನೊನ್ ಉಪ್ಪು ಕೊಡಲು ಮರೆತು ಕೂತ. "ಕೊಡೋ ದಡ್ಡ," ಎಂದು ಅತ್ತೆ ಅವನ ಬೆನ್ನಿಗೆ ಗುದ್ದಿದರು. ಅವರ ಕಣ್ಣು ತುಂಬಿತ್ತು.

ಡಾಕ್ಟರ್ ಯೊವಿತಾ ಕಚೇರಿಗೆ ಕಳಿಸಿದ ವರದಿಯಿಂದ ದನುತಾಳ ಮೇಲಿನ ಆರೋಪ ಬಿದ್ದುಹೋಯಿತು. ಸೆಪ್ಟೆಂಬರಿನಲ್ಲಿ ಅವಳು ಶಾಲೆಗೆ ಮರಳಿದಾಗ ಶಿಕ್ಷಕರ ಕೋಣೆಯಲ್ಲಿ ಹೊನೊರಾತಾ ಗಸಗಸೆ ಕೇಕ್ ಕತ್ತರಿಸಿ ಹಂಚಿದರು.

"ಎಲ್ಲಾ ಒಳ್ಳೇದೇ ಆಯ್ತಲ್ಲ ದನುತಾ. ಆದ್ರೂ, ನಮ್ಮ ನಮ್ಮೊಳಗೆ ಹೇಳಿ... ಸ್ವಲ್ಪ ಆದ್ರೂ ಮನಸ್ಸಿನ ಆಟ ಇತ್ತು ಅಲ್ವಾ?"

ದನುತಾ ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಆ ವಿಡಿಯೊ ಮಾಡಿದ್ದು ಯಾರು ಮೇಡಂ?" ಎಂದು ಕೇಳಿದಳು. ಸ್ಪಷ್ಟವಾದ, ತಡೆಯಿಲ್ಲದ ದನಿ.

ಒಬ್ಬರು ಚಹಾ ಕಲಕಿದರು, ಒಬ್ಬರು ಗಡಿಯಾರ ನೋಡಿದರು. ಭೂಗೋಳದ ಶಿಕ್ಷಕಿ ಮಾತ್ರ ಮೇಜಿನ ಮೇಲಿದ್ದ ತನ್ನ ಮೊಬೈಲನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು. ಅದು ವಿಡಿಯೊ ಮಾಡಿದ ಅಳುಕಿಗೋ, ಗಂಟೆ ಹೊಡೆಯಿತೆಂದೋ, ದನುತಾಳಿಗೆ ಇವತ್ತಿಗೂ ತಿಳಿದಿಲ್ಲ.