ಇನಾಸ್ ಅಜ್ಜನ ತೇರ್ಸ್

ಹಂದಿಮಾಂಸ ಸಿಗದ ಕೊಲ್ಲಿಯ ಊರಿನಲ್ಲಿ ಕೊಂಕಣಿ ಕ್ರಿಸ್ತಾಂವರಿಗೆ ಊಟ ಹಾಕುವುದು ಅಗ್ಗ ಅಂದುಕೊಳ್ಳಬೇಡಿ. ಕುರಿಮಾಂಸಕ್ಕೆ ಮೂವತ್ತು ದಿನಾರ್, ಬ್ನೇದ್ ಅಲ್ ಗಾರ್‌ನಿಂದ ತರಿಸಿದ ಸಾನ್ನಾಂ ಇಡ್ಲಿಗಳಿಗೆ ಹನ್ನೆರಡು, ಬಾಡಿಗೆ ಕುರ್ಚಿಗೆ ಆರು. ಮೇಲಿಂದ ಶುಕ್ರವಾರದ ಓವರ್‌ಟೈಮ್ ಹೋಯಿತು. ಹೆನ್ರಿ ಎಲ್ಲಕ್ಕೂ ಸೈ ಎಂದ. ಅಜ್ಜ ಇನಾಸ್ ಸತ್ತು ಎಪ್ಪತ್ತು ವರ್ಷ. ಹವಲ್ಲಿಯ ಈ ಫ್ಲಾಟಿನಲ್ಲಿ ಮಗಳ ಬಾಯಿಂದ ಒಮ್ಮೆ ಆ ಹೆಸರು ಕೇಳಬೇಕು, ಅಷ್ಟೇ ಅವನ ಆಸೆ.

ಮಗಳು ರಿಯೋನಾಗೆ ಹತ್ತು ವರ್ಷ. ಶಾಲೆಗೆ ಬಿಡುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅವನು ಅವಳಿಗೆ ಹೇಳಿದ್ದೇ ಹೇಳಿದ್ದು. ಇನಾಸನದು ಗೇಣಿ ಗದ್ದೆ, ಸೋರುವ ಮುಳಿಹುಲ್ಲಿನ ಮಾಡು. ಆದರೆ ಭಾನುವಾರ ಎರಡು ಹೊಳೆ ದಾಟಿ ಇಗರ್ಜಿಗೆ ಹೋಗುವುದು ತಪ್ಪಿದ್ದಿಲ್ಲ. ದಿನಾ ಸಂಜೆ ಕಂಚಿನ ಗಂಟೆ ಹೊಡೆದು ಮನೆಮಂದಿಯನ್ನು ತೇರ್ಸಿಗೆ ಕೂರಿಸುತ್ತಿದ್ದ. ಆ ಗಂಟೆ ಕೇಳಿದ ಮೇಲೆಯೇ ಪಕ್ಕದ ಮನೆಯ ಭೋಜ ತುಳಸಿಗೆ ದೀಪ ಇಡುವುದು. ತೇರ್ಸ್ ಅಂದರೆ ಜಪಸರದ ಪ್ರಾರ್ಥನೆ. ಅದರ ನಡುವೆ ಯಾರೂ ಏಳಬಾರದು. ದನ ಹಗ್ಗ ಬಿಚ್ಚಿಕೊಂಡರೂ ಏಳಬಾರದು, ಗಂಜಿ ಉಕ್ಕಿದರೂ ಏಳಬಾರದು. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳಬೇಕು.

ಒಂದು ಸಂಜೆ ಪ್ರಾರ್ಥನೆ ನಡೆಯುತ್ತಿದ್ದಾಗ ಇನಾಸನ ತಲೆ ಗೋಡೆಗೆ ಒರಗಿತು. ದಿನವಿಡೀ ಉತ್ತ ಮನುಷ್ಯ, ತೂಕಡಿಸಿದ ಅಂದುಕೊಂಡರು. ಹೆಂಡತಿಯೂ ಏಳಲಿಲ್ಲ. ಕೊನೆಗೆ ಹೆನ್ರಿಯ ಅಪ್ಪ, ಆಗ ಚಿಕ್ಕ ಹುಡುಗ, ಬೆಸಾಂವ್ ಕೇಳಲು ಮುಂದೆ ಹೋದ. ಇನಾಸನ ಕೈ ಮೇಲೇಳಲಿಲ್ಲ.

ಶುಕ್ರವಾರ ಊಟಕ್ಕೆ ಮೊದಲು ರಿಯೋನಾ ಕುರ್ಚಿ ಹತ್ತಿ ನಿಂತಳು. ಇಂಗ್ಲಿಷಿನಲ್ಲೇ ಹೇಳಿದಳು: ಮುತ್ತಜ್ಜ ಇನಾಸ್ ಸಂಜೆ ಗಂಟೆ ಹೊಡೆದು ಎಲ್ಲರನ್ನೂ ಟಿಯರ್ಸಿಗೆ ಕೂರಿಸುತ್ತಿದ್ದರು. ಟಿಯರ್ಸ್ ನಡುವೆ ಎದ್ದರೆ ಬೈಯುತ್ತಿದ್ದರು. ಒಂದು ದಿನ ಟಿಯರ್ಸ್ ಮುಗಿಯುವ ಮೊದಲೇ ತೀರಿಕೊಂಡರು.

ಹೆನ್ರಿಯ ಭಾವ ಆಸ್ಟಿನ್ ನಗು ತಡೆಯದೆ ತೊಡೆ ತಟ್ಟಿದ. "ಏನ್ ಭಾವ, ನಿನ್ನ ಅಜ್ಜ ಗಂಟೆ ಹೊಡೆದು ಮನೆಯವರನ್ನು ಅಳಿಸುತ್ತಿದ್ದನಾ? ನಮ್ಮ ಕಂಪನಿ ನಡೆಸುವ ಮುದೀರ್ ವಾಸಿ ಮಾರಾಯ, ಗಂಟೆ ಇಲ್ಲದೆಯೇ ಅಳಿಸುತ್ತಾನೆ!"

ಎಲ್ಲರೂ ನಕ್ಕರು. ಹೆನ್ರಿಯ ಕಿವಿ ಕೆಂಪಾಯಿತು. "ಟಿಯರ್ಸ್ ಅಲ್ಲ, ತೇರ್ಸ್! ಪ್ರಾರ್ಥನೆ! ಎಷ್ಟು ಸಲ ಹೇಳಿದೆ ನಿನಗೆ?"

"ನೀವು ತೇರ್ಸ್ ಅಂದ್ರಿ. ಐ ಥಾಟ್ ಟಿಯರ್ಸ್," ರಿಯೋನಾ ಕುರ್ಚಿಯಿಂದ ಇಳಿದಳು. "ನಮ್ಮ ಮನೇಲಿ ಯಾವತ್ತೂ ಮಾಡಿಲ್ವಲ್ಲ ಡ್ಯಾಡ್. ಹೌ ವುಡ್ ಐ ನೋ?"

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಮಗ್ದಲೀನ್ ತಟ್ಟೆ ಹಿಡಿದು ನಿಂತಿದ್ದಳು. ಆಸ್ಪತ್ರೆಯಲ್ಲಿ ಅವಳಿಗೆ ನೈಟ್ ಶಿಫ್ಟ್, ಇವನಿಗೆ ಗೋದಾಮಿನಲ್ಲಿ ಓವರ್‌ಟೈಮ್. ಒಂದೇ ಹೊತ್ತಿಗೆ ಮೂವರೂ ಮನೆಯಲ್ಲಿರುವುದೇ ಅಪರೂಪ. "ಮಗುವನ್ನು ಯಾಕೆ ಬೈತೀರಿ?" ಎಂದಳು.

"ಹಾಗಾದರೆ ಈಗಲೇ ಮಾಡೋಣ," ಎಂದ ಹೆನ್ರಿ, ಟಿವಿಯ ಮೇಲಿದ್ದ ಶಿಲುಬೆಯ ಮುಂದೆ ಮೊಣಕಾಲೂರಿ. "ಯಾರೂ ಏಳಬಾರದು."

ಹಸಿದ ಹೊಟ್ಟೆಯಲ್ಲೇ ಎಲ್ಲರೂ ಕೂತರು. ಮೊದಲ ಹತ್ತು ಮಣಿ ಸರಾಗ ಹೋಯಿತು. ಎರಡನೆಯದರಲ್ಲಿ ಕೆಳಗೆ ಕಂಪನಿ ವ್ಯಾನಿನ ಹಾರ್ನ್ ಕೇಳಿ ಆಸ್ಟಿನ್ ಎದ್ದ. "ಭಾವ, ಡ್ಯೂಟಿ. ಲೇಟಾದರೆ ಸಂಬಳ ಕಟ್." ಅವನ ಹಿಂದೆ ಇನ್ನಿಬ್ಬರು ಎದ್ದರು. ಒಬ್ಬ ಫೋನ್ ಹಿಡಿದು ಹೊರಗೆ ಹೋದ, ಮರಳಿ ಬರಲಿಲ್ಲ. ಮಿಕ್ಕವರೂ ಒಬ್ಬೊಬ್ಬರಾಗಿ ಜಾರಿದರು. ಹೆನ್ರಿ ತಿರುಗಿ ನೋಡಲಿಲ್ಲ, ದನಿ ಮಾತ್ರ ಏರಿಸಿದ. ಒಬ್ಬ ಮನುಷ್ಯ ಸತ್ತರೂ ಅಜ್ಜನ ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಇಲ್ಲಿ ಒಂದು ಹಾರ್ನ್ ಸಾಕಾಯಿತು.

ಐದನೆಯ ಹತ್ತು ಮುಗಿಯುವಾಗ ಉಳಿದವರು ಮನೆಯ ಮೂವರೇ. ಇನ್ನು ಕಡೆಯ ದೀರ್ಘ ಸ್ತುತಿ, ಅಜ್ಜ ಬಾಯಿಪಾಠ ಹೇಳುತ್ತಿದ್ದದ್ದು. ಹೆನ್ರಿ ಎರಡು ಸಾಲು ಹೇಳಿದ. ಮೂರನೆಯದು ಬರಲಿಲ್ಲ. ಮತ್ತೆ ಮೊದಲಿಂದ ಹಿಡಿದ, ಅಲ್ಲೇ ನಿಂತಿತು. ಮಗ್ದಲೀನಳ ಮುಖ ನೋಡಿದ. ಅವಳಿಗೂ ನೆನಪಿರಲಿಲ್ಲ.

"ಖಲಾಸ್?" ಎಂದಳು ರಿಯೋನಾ, ಮೊಣಕಾಲು ಉಜ್ಜಿಕೊಳ್ಳುತ್ತಾ.

ಕುರಿಮಾಂಸ ಆರಿತ್ತು. ತೇರ್ಸ್ ಅಂದರೆ ಏನೆಂದು ಆ ದಿನ ಮಗಳಿಗೆ ಗೊತ್ತಾಯಿತು. ಅದನ್ನು ಮುಗಿಸುವುದು ಹೇಗೆಂದು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.