ಎಡಗಾಲಿನ ಬಾಕಿ

ನವೆಂಬರ್ ನಡುವಿಗೆ ಟೆಲೆಮಾರ್ಕಿನ ಮೇಲ್ಕಣಿವೆ ಹಿಮ ಬಿದ್ದು ಬೆಳ್ಳಗಾಗಿತ್ತು. ಹಸುಗಳು ಕೊಟ್ಟಿಗೆ ಸೇರಿ ತಿಂಗಳು ಕಳೆದಿತ್ತು. ಬೆಳಗಿನ ಹಾಲು ಕರೆದು, ಸಗಣಿ ಬಾಚಿ, ಗುನ್ವೋರ್ ಕ್ಯಾನುಗಳನ್ನು ತೊಳೆಯುತ್ತಿದ್ದಳು. ಅವಳ ಗಂಡ ಐಲೆವ್ ಪಕ್ಕದ ಕೋಣೆಯಲ್ಲಿ ಹಿಮದ ಮೇಲೆ ಜಾರುವ ಎರಡು ಸ್ಕೀಗಳನ್ನು ಮಲಗಿಸಿ ಪ್ಲಾಸ್ಟಿಕ್ ಹೊದಿಸುತ್ತಿದ್ದ. ಮನೆಯ ಹನ್ನೆರಡು ಹಸುಗಳಲ್ಲಿ ಒಂದಕ್ಕೂ ಅವನ ಕೈಯಿಂದ ಇಂಥ ಉಪಚಾರ ಆದದ್ದಿಲ್ಲ.

ಕಳೆದ ಈಸ್ಟರಿನಲ್ಲಿ ಅವನು ನೆರೆಮನೆಯ ಅಸ್ಲೌಗಜ್ಜಿಯ ಸ್ಕೀಗಳನ್ನು ಎರವಲು ತಂದು, ನಾಲ್ಕು ಜನ ನೋಡಲಿ ಎಂದು ಬಂಡೆಯ ಮೇಲಿಂದ ಹಾರಿದ್ದ. ನಾಲ್ಕು ಜನ ನೋಡಿದರು. ಸ್ಕೀಗಳೆರಡೂ ಮುರಿದವು. ಅಜ್ಜಿಯ ಅಪ್ಪ ಕೈಯಾರೆ ಕೆತ್ತಿದವು ಅವು.

"ಅಂಗಡಿಯಿಂದ ಹೊಸದು ತರ್ತೀನಜ್ಜಿ" ಎಂದಾಗ ಮುದುಕಿ, "ಕೈಲಿ ಮಾಡಿದ್ದು ಹೋಗಿದೆ, ಕೈಲಿ ಮಾಡಿದ್ದೇ ಬರ್ಬೇಕು. ಸರೋವರ ಹೆಪ್ಪುಗಟ್ಟೋದ್ರೊಳಗೆ" ಎಂದಿದ್ದಳು. ಸರೋವರ ಹೆಪ್ಪಾದ ಮೇಲೆ ಪ್ರತಿ ಶನಿವಾರ ಅದನ್ನು ಸ್ಕೀಯಲ್ಲಿ ದಾಟಿ ಆಚೆ ದಡದ ತಂಗಿಯ ಮನೆಗೆ ಕಾಫಿಗೆ ಹೋಗುವುದು ಅವಳ ಐವತ್ತು ಚಳಿಗಾಲಗಳ ರೂಢಿ.

ಐಲೆವ್ ಬರ್ಚ್ ಮರದ ಹಲಗೆಗಳಿಗೆ ಮೇಲೂ ಕೆಳಗೂ ಗಾಜುನೂಲಿನ ಬಟ್ಟೆ ಅಂಟಿಸಿ, ಮೂತಿ ಬಾಗಿದ ಅಚ್ಚಿನ ಮೇಲಿಟ್ಟು, ಒಂದೊಂದನ್ನೂ ಮೇವು ಮುಚ್ಚುವ ಪ್ಲಾಸ್ಟಿಕ್ಕಿನ ಚೀಲದಲ್ಲಿ ಬಿಗಿದಿದ್ದ. ಒಳಗಿನ ಗಾಳಿ ಹೀರಿದರೆ ಹೊರಗಿನ ಗಾಳಿಯೇ ಒತ್ತಿ ಹಿಡಿಯುತ್ತದೆ. ಅಂಟು ಗಟ್ಟಿಯಾಗಲು ಎಂಟು ತಾಸು. ಹೀರುವುದಕ್ಕೆ ಹಾಲು ಕರೆಯುವ ಯಂತ್ರದ ಪಂಪು ಇದ್ದೇ ಇತ್ತು, ಬೆಳಗಿಗೂ ಸಂಜೆಗೂ ನಡುವೆ ಅದಕ್ಕೆ ಕೆಲಸವಿರಲಿಲ್ಲ. ಈ ಜಾಣತನವನ್ನು ಅವನು ಎರಡು ದಿನ ಊಟದ ಮೇಜಿನ ಮೇಲೆ ಹೆಂಡತಿಗೆ ಬಡಿಸಿದ್ದ.

ಪಂಪು ಗುಂಯ್ ಎಂದಿತು. ಚೀಲಗಳು ಸ್ಕೀಗಳಿಗೆ ಕಚ್ಚಿಕೊಂಡವು.

ಹಸುಗಳಿಗೆ ಮಾತ್ರ ಯಾರೂ ಈ ಯೋಜನೆ ತಿಳಿಸಿರಲಿಲ್ಲ. ಅವಕ್ಕೆ ಪಂಪಿನ ಸದ್ದೆಂದರೆ ಕರೆಯುವ ಹೊತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಅರಚತೊಡಗಿದವು. ಕೆಲವು ಸೊರೆಬಿಟ್ಟು, ಹಾಲು ನೆಲಕ್ಕೆ ತೊಟ್ಟಿಕ್ಕತೊಡಗಿತು.

"ಐಲೆವ್, ನಿನ್ನ ಮರದ ಮಕ್ಕಳು ಮಲಗಿದ್ರೆ ಸ್ವಲ್ಪ ಈ ಕಡೆ ಬಾ. ಹಾಲು ಮೋರಿಗೆ ಹೋಗ್ತಿದೆ."

"ಪಂಪು ನಿಲ್ಸೋ ಹಾಗಿಲ್ಲ ಕಣೇ. ಇನ್ನೂ ನಾಲ್ಕು ತಾಸಿದೆ."

"ಅದನ್ನ ಅವಕ್ಕೆ ಹೇಳು. ನನ್ನ ಮಾತು ಕೇಳ್ತಿಲ್ಲ."

ಅವನು ಹೇಳಿಯೂ ನೋಡಿದ. ಹಿರಿಯ ಹಸು ಡಾಗ್ರೋಸ್ ಅವನ ಮುಖಕ್ಕೇ ಅರಚಿತು.

ಗುನ್ವೋರ್ ಕಾಯಲಿಲ್ಲ, ಡಾಗ್ರೋಸಿನ ಕೆಚ್ಚಲಿಗೆ ಕರೆಯುವ ಯಂತ್ರದ ಕಪ್ಪುಗಳನ್ನು ಹಾಕಿಯೇಬಿಟ್ಟಳು. ಆ ಕಡೆ ಚೀಲಗಳೆರಡೂ ಸಡಿಲವಾದವು.

"ಅಯ್ಯೋ, ತೆಗಿ ತೆಗಿ!"

"ಹಳೇ ಪಂಪಿಗೆ ಎಷ್ಟೂಂತ ಉಸಿರಿರುತ್ತೆ? ಒಂದು ಚೀಲದ ಕೊಳವೆ ಮುಚ್ಚು. ಹಸುಗಳಿಗೂ ಇನ್ನೊಂದಕ್ಕೂ ಸಾಕಾಗುತ್ತೆ."

"ಯಾವುದನ್ನ ಮುಚ್ಲಿ? ಎಡದ್ದೋ, ಬಲದ್ದೋ?"

"ಸ್ಕೀಗೂ ಎಡ ಬಲ ಇರುತ್ತಾ ಮಾರಾಯ? ಯಾವ ಮಗು ಮೇಲೆ ಪ್ರೀತಿ ಕಡಿಮೆಯೋ ಅದನ್ನ ಮುಚ್ಚು."

ಅವನು ಎಡಗೈ ಕಡೆಯದರ ಕೊಳವೆ ಮುಚ್ಚಿ, ಅದರ ಮೂತಿಯ ಮೇಲೆ ಹಸುಗಳು ನೆಕ್ಕುವ ಉಪ್ಪಿನ ಗಡ್ಡೆಗಳನ್ನು ಹೇರಿ, ಸಾಲದೆಂದು ತಾನೂ ಕುಳಿತ. ಸಂಜೆ ಚೀಲ ಬಿಚ್ಚಿದಾಗ ಒಂದು ಸ್ಕೀಯ ಮೂತಿ ಹಂಸದ ಕತ್ತಿನಂತೆ ಚೆಂದವಾಗಿ ಬಾಗಿತ್ತು. ಅವನು ಕುಳಿತಿದ್ದ ಇನ್ನೊಂದು ಸೊಟ್ಟಗಾಗಿ, ಕುಳಿತವನ ಗುರುತನ್ನು ಚೆನ್ನಾಗಿ ಉಳಿಸಿಕೊಂಡಿತ್ತು.

ಇನ್ನೊಂದು ಮಾಡುವಷ್ಟು ಅಂಟೂ ಉಳಿದಿರಲಿಲ್ಲ, ದಿನಗಳೂ ಉಳಿದಿರಲಿಲ್ಲ. ಸರೋವರ ಗಟ್ಟಿಯಾದ ಶನಿವಾರ ಅವನು ಎರಡನ್ನೂ ಹೊತ್ತು ಅಜ್ಜಿಯ ಬಾಗಿಲಿಗೆ ಹೋದ.

"ಹಿಂದಿನ ಕಾಲ್ದಲ್ಲಿ ನಮ್ಮೋರು ಜೋಡಿ ಇಲ್ದಿರೋ ಸ್ಕೀನೇ ಹಾಕ್ತಿದ್ರಂತಜ್ಜಿ. ಒಂದು ಉದ್ದ, ಒಂದು ಗಿಡ್ಡ."

"ಹಿಂದಿನ ಕಾಲ್ದಲ್ಲಿ ಮೂವತ್ತಕ್ಕೇ ಸಾಯ್ತಿದ್ರು. ನೀನಿನ್ನೂ ಇದೀಯಲ್ಲ."

ಚೆನ್ನಾಗಿದ್ದದ್ದನ್ನು ಅವಳು ಎತ್ತಿ, ನಡುವೆ ಅದುಮಿ, ಅಂಗಳದ ಹಿಮದ ಮೇಲಿಟ್ಟು ಬಲಗಾಲಿನಲ್ಲಿ ಮೂರು ಸಲ ಜಾರಿಸಿದಳು.

"ನಮ್ಮಪ್ಪಂದಕ್ಕಿಂತ..." ಎಂದು ನಿಲ್ಲಿಸಿ, "ಹಗುರ" ಎಂದಳು.

ಇನ್ನೊಂದನ್ನು ಬೇಲಿಯ ಮುರಿದ ಗೂಟದ ಜಾಗಕ್ಕೆ ನೆಟ್ಟಳು. "ಬಲಗಾಲಿಂದು ಚುಕ್ತಾ. ಎಡಗಾಲಿಂದು ಬಾಕಿ."

"ಮಾಡ್ಕೊಡ್ತೀನಜ್ಜಿ. ಆದ್ರೆ ಇವತ್ತಿನ ಕಾಫಿ?"

ಅವಳು ಆಗಲೇ ಹಿಂದೆ ನಿಂತು ಒದ್ದು ತಳ್ಳುವ ಜಾರುಕುರ್ಚಿಯನ್ನು ಹೊರಗೆಳೆದು, ಕಂಬಳಿ ಸುತ್ತಿಕೊಂಡು ಕುಳಿತಿದ್ದಳು. ತಂಗಿಗೆ ತೋರಿಸಲೆಂದು ಆ ಒಂದು ಸ್ಕೀಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ತಳ್ಳು. ಬಂಡೆ ಕಂಡ್ರೆ ಹಾರೋಕೆ ಹೋಗ್ಬೇಡ."